ಅಪ್ಪನಿಗಾಗಿ ಹಳೇ ಸಿನಿಮಾದ ಹೊಸ ಕಟ್: ಯಾವ ಎಡಿಟಿಂಗ್ ಸಾಫ್ಟ್‌ವೇರ್ ಹಿಡಿಯಲಿ?

ಡೊಂಬಿವಲಿ ಮಗಳು
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನಿಗೆ ಎಪ್ಪತ್ತೈದು ತುಂಬುತ್ತದೆ. ಕುಂದಾಪುರದಿಂದ ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಘಾಟ್‌ಕೋಪರಿನಲ್ಲಿ ಸ್ವಂತ ಕ್ಯಾಂಟೀನ್ ನಡೆಸಿದವರು. ಊರಲ್ಲಿದ್ದಾಗ ಟೆಂಟಿನಲ್ಲಿ ನೋಡಿದ ಒಂದು ಕಪ್ಪುಬಿಳುಪು ಸಿನಿಮಾ ಅಂದರೆ ಇವತ್ತಿಗೂ ಅವರಿಗೆ ಪ್ರಾಣ. ಮನೆಯಲ್ಲಿ ಅದರ ವಿಸಿಡಿ ಉಂಟು, ಮೂರು ಡಿಸ್ಕು.

ಈಗ ಅವರ ಬೆನ್ನು ಎರಡೂವರೆ ಗಂಟೆ ಕೂರಲು ಬಿಡುವುದಿಲ್ಲ. ಅಣ್ಣ ತಂಗಿಯ ಕಥೆಯ ನಡುವೆ ಬರುವ ಹಾಸ್ಯದ ಟ್ರ್ಯಾಕನ್ನು ಅವರೇ ರಿಮೋಟ್ ಒತ್ತಿ ಮುಂದೆ ಓಡಿಸುತ್ತಾರೆ. ಆ ಹಾಸ್ಯ ತೆಗೆದು, ಎರಡು ಹಾಡು ಮೊಟಕು ಮಾಡಿ, ಒಂದೂಮುಕ್ಕಾಲು ಗಂಟೆಯ ಒಂದು ಕಟ್ ಮಾಡಬೇಕು, ಹುಟ್ಟುಹಬ್ಬದ ದಿನ ಮನೆಯವರೆಲ್ಲ ಕೂತು ನೋಡಬೇಕು ಅಂತ ನನ್ನ ಆಸೆ.

ಲ್ಯಾಪ್‌ಟಾಪ್ ಐ5, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ವಿಂಡೋಸ್. ಒಂದು ದೊಡ್ಡ ಸಾಫ್ಟ್‌ವೇರ್ ಹಾಕಿ ನೋಡಿದೆ, ನನ್ನ ಯಂತ್ರಕ್ಕೆ ಅದು ಭಾರ. ಟೈಮ್‌ಲೈನ್, ಅಂದರೆ ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ, ಎಳೆದರೆ ಚಿತ್ರ ಐದು ಸೆಕೆಂಡ್ ತಡವಾಗಿ ಬರುತ್ತದೆ. ಎಡಿಟಿಂಗ್ ನನಗೆ ಹೊಸತು. ಯಾವುದನ್ನು ಕಲಿಯಲಿ?

ಠಾಣೆ ಟೈಮ್‌ಲೈನ್
ಡಾವಿಂಚಿ ರಿಸಾಲ್ವ್ ಕಣ್ರೀ, ಯೋಚನೆನೇ ಬೇಡ. ಉಚಿತ ಆವೃತ್ತಿಯಲ್ಲೇ 3840×2160 ಪಿಕ್ಸೆಲ್ ಅಳತೆವರೆಗೆ ಎಕ್ಸ್‌ಪೋರ್ಟ್ (ಮುಗಿದ ಚಿತ್ರವನ್ನ ಫೈಲ್ ಆಗಿ ತೆಗೆಯೋದು) ಆಗುತ್ತೆ. ಕತ್ತರಿಸೋದು, ಬಣ್ಣ, ಶಬ್ದ, ಎಫೆಕ್ಟ್ ಎಲ್ಲಾ ಒಂದೇ ಮನೆಯೊಳಗೆ. ಮುಂದೆ ಸ್ಟುಡಿಯೋ ಆವೃತ್ತಿ ಬೇಕು ಅನಿಸಿದ್ರೂ ಒಂದೇ ಸಲ ದುಡ್ಡು ಕಟ್ಟೋದು, ಪ್ರೀಮಿಯರ್ ಪ್ರೊ ಥರ ತಿಂಗಳು ತಿಂಗಳು ಬಾಡಿಗೆ ಅಲ್ಲ. ಕಲಿಯೋದಾದ್ರೆ ಒಳ್ಳೇದನ್ನೇ ಕಲೀರಿ.

ಕೊಥ್ರೂಡ್ ಧಾರವಾಡ
ಅಲ್ರೀ ಠಾಣೆ ಸಾಹೇಬ್ರ, ಅಕ್ಕಾರು ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂತ ಸ್ಪಷ್ಟ ಬರದಾರ. ರಿಸಾಲ್ವ್ ಪೂರಾ ಗ್ರಾಫಿಕ್ಸ್ ಕಾರ್ಡಿನ ಮ್ಯಾಲೆ ನಿಂತದ್ದು, 16 ಜಿಬಿ ರ‍್ಯಾಮ್ ಇಲ್ಲದ ಅದರ ಹತ್ರ ಹೋಗಬಾರದು. ಒಳ್ಳೇದು ಅಂದ್ರ ಯಾರಿಗೆ ಒಳ್ಳೇದು?

ಅಕ್ಕಾರ, ಮೊದಲು ನಿಮ್ಮ ಕೈಯಾಗಿನ ಮಾಲು ನೋಡ್ರಿ. ವಿಸಿಡಿ ಒಳಗಿನ ಚಿತ್ರ 352×288 ಅಷ್ಟ. ಮೂರೂ ಡಿಸ್ಕ್ ಸೇರಿ 2 ಜಿಬಿ ಆಗಬಹುದು. ಇವತ್ತಿನ ಮೊಬೈಲ್ ತಗಿಯೋ ಹತ್ತು ನಿಮಿಷದ ವಿಡಿಯೋಕ್ಕಿಂತ ಹಗುರ ಅದು. ಇಂಥಾದ್ದಕ್ಕ ನಿಮ್ಮ ಲ್ಯಾಪ್‌ಟಾಪ್ ಧಾರಾಳ ಸಾಕು. ಶಾಟ್‌ಕಟ್ ಹಾಕ್ರಿ, ಇಲ್ಲಾ ಕೆಡೆನ್‌ಲೈವ್ ಹಾಕ್ರಿ. ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ. ಒಳಗ ಬಹಳ ಥರದ ವಿಡಿಯೋ ಓದೋ ಎಫ್‌ಎಫ್‌ಎಂಪೆಗ್ ಇರೋದರಿಂದ ವಿಸಿಡಿಯ ಹಳೇ ಎಂಪೆಗ್-1 ಫೈಲನ್ನೂ ಓದತಾವ. ಹೊಸಬರಿಗೆ ಶಾಟ್‌ಕಟ್ ಸರಳ: ಕತ್ತರಿಸಬೇಕಾದಲ್ಲಿ ನಿಂತು ಎಸ್ ಒತ್ತಿದ್ರ ತುಂಡು, ಬ್ಯಾಡಾದ ತುಂಡು ಆರಿಸಿ ಎಕ್ಸ್ ಒತ್ತಿದ್ರ ಅದು ಹೋಗಿ ಹಿಂದಿನದು ಮುಂದ ಬಂದು ಕೂಡ್ತದ. ನಿಮ್ಮ ಕೆಲಸದಾಗ ಮುಕ್ಕಾಲು ಭಾಗ ಈ ಎರಡು ಅಕ್ಷರದಾಗ ಮುಗೀತದ.

ವಾಸ್ಕೋ ಹುಡುಗ
ಮೊಬೈಲಲ್ಲೇ ಮಾಡಬಹುದಲ್ಲಾ ಅಕ್ಕ? ಕೈನ್‌ಮಾಸ್ಟರ್, ವಿಎನ್ ಇದಾವೆ. ಕ್ಯಾಪ್‌ಕಟ್ ನಮ್ಮ ದೇಶದಲ್ಲಿ ಸಿಗಲ್ಲ, ಅದನ್ನು ಹುಡುಕೋಕೆ ಹೋಗಬೇಡಿ.

ಠಾಣೆ ಟೈಮ್‌ಲೈನ್
ರೀಲ್ಸ್‌ಗೆ ಸರಿ ತಮ್ಮ. ಎರಡೂವರೆ ಗಂಟೆ ಚಿತ್ರದಲ್ಲಿ ಎಂಬತ್ತು ಕಡೆ ಕತ್ತರಿ ಹಾಕೋದನ್ನ ಆರಿಂಚಿನ ಪರದೆ ಮೇಲೆ ಬೆರಳಲ್ಲಿ ಮಾಡೋಕಾಗಲ್ಲ.

ಕೊಥ್ರೂಡ್‌ನವರು ಹೇಳಿದ್ದು ಒಪ್ಪಿದೆ, ನಾನು ಮೂಲ ಏನು ಅಂತ ನೋಡದೆ ಬರೆದೆ. ವಿಸಿಡಿಗೆ ಶಾಟ್‌ಕಟ್ ಸಾಕು. ಆದರೆ ಮುಂದೆ ಬ್ಲೂ-ರೇ ಇಟ್ಟುಕೊಂಡು ಕೆಲಸ ಮಾಡೋರು ಇದನ್ನು ಓದಿದರೆ ಅಂತ ಬರೀತೀನಿ, ಆಗ ರಿಸಾಲ್ವೇ. ಮೊದಲ ಕ್ಲಿಪ್ ಟೈಮ್‌ಲೈನಿಗೆ ಹಾಕೋ ಮೊದಲೇ ಪ್ರಾಜೆಕ್ಟಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಸಾಮಾನ್ಯವಾಗಿ 23.976 ಅಂತ ಇಟ್ಟುಬಿಡಿ, ಆಮೇಲೆ ಅದು ಬದಲಾಗಲ್ಲ. ಮತ್ತೆ ಲಿನಕ್ಸ್‌ನಲ್ಲಿ ಉಚಿತ ರಿಸಾಲ್ವ್ ತುಂಬಾ ಬಳಕೆಯಲ್ಲಿರೋ ಎಚ್.264 ಪದ್ಧತಿಯ ವಿಡಿಯೋ ಫೈಲ್ ಓದಲ್ಲ, ಅಲ್ಲಿ ಕೆಡೆನ್‌ಲೈವೇ ಗತಿ.

ಮಾಟುಂಗಾ ಹಳಬ
ನನಗೆ ಈ ವಿಷಯವೇ ಸರಿ ಕಾಣುವುದಿಲ್ಲ ಮಾರಾಯ್ರೆ. ನಿರ್ದೇಶಕ ಒಂದು ಲೆಕ್ಕ ಇಟ್ಟು ಚಿತ್ರ ಮಾಡಿರ್ತಾನೆ. ಅಳು ಬಂದ ಮೇಲೆ ನಗು ಬೇಕು ಅಂತ ಆ ಹಾಸ್ಯ ಹಾಕಿದ್ದು. ಆ ಕಾಲದಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಟಿಕೆಟ್ ಸಿಗದೆ ವಾಪಸು ಬಂದವ ನಾನು. ಹಾಸ್ಯನಟ ತೆರೆ ಮೇಲೆ ಬಂದ ಕೂಡಲೇ ಹೋಟೆಲ್ ಹುಡುಗರೆಲ್ಲ ಸೀಟಿ ಹೊಡೆಯುವುದು. ವಾರವಿಡೀ ದುಡಿದವರಿಗೆ ಅದೇ ಒಂದು ನಗು. ಅದನ್ನು ತೆಗೆದರೆ ಎಂತ ಉಳಿಯಿತು?

ಡೊಂಬಿವಲಿ ಮಗಳು
ನಿಮ್ಮ ಮಾತು ನನಗೆ ತಾಗಿತು ಮಾಮ. ಆದರೆ ಅಪ್ಪ ಅದನ್ನು ನೂರು ಸಲ ನೋಡಿದ್ದಾರೆ. ಈಗ ಅವರಿಗೆ ಬೇಕಾದ್ದು ಅಣ್ಣ ತಂಗಿ ಮಾತ್ರ. ಅವರ ತಂಗಿ, ನನ್ನ ಅತ್ತೆ, ಹೋದ ವರ್ಷ ತೀರಿಕೊಂಡರು.

ಮಾಟುಂಗಾ ಹಳಬ
ಹಾಗಾದರೆ ಮಾಡಮ್ಮ. ಡಿಸ್ಕು ಮಾತ್ರ ಜೋಪಾನವಾಗಿ ಇಡು.

ಲಾ ಕಾಲೇಜ್ ರೋಡ್
ಮೂಲ ಕೆಡುತ್ತದೆ ಎಂಬ ಭಯ ಬೇಡ. ಅಭಿಮಾನಿ ಕಟ್ ಯಾವತ್ತೂ ಪ್ರತಿಯ ಮೇಲೆ ನಡೆಯುವ ಕೆಲಸ. ಮೂಲ ಚಿತ್ರವನ್ನು ಕಾಪಾಡುವುದು ಬೇರೆಯೇ ಕೆಲಸ, ಅದಕ್ಕೆಂದೇ 1964ರಲ್ಲಿ ನಮ್ಮ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು. ಟಿವಿ ಚಾನೆಲ್‌ಗಳು ಜಾಹೀರಾತಿಗೆ ಜಾಗ ಮಾಡಲು ದಿನಾ ಹಾಡು ಕತ್ತರಿಸುತ್ತವೆ, ಆಗ ಯಾರೂ ಕೇಳುವುದಿಲ್ಲ. ಪ್ರೀತಿಯಿಂದ, ಕಥೆ ತಿಳಿದು ಕತ್ತರಿಸುವವರನ್ನು ತಡೆಯುವುದು ನ್ಯಾಯವಲ್ಲ.

ಬೋರಿವಲಿ ಬಾರ್ ರೂಮ್
ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಚಿತ್ರ ಯಾವ ವರ್ಷದ್ದು?

ಡೊಂಬಿವಲಿ ಮಗಳು
1963.

ಬೋರಿವಲಿ ಬಾರ್ ರೂಮ್
ಹಾಗಿದ್ದರೆ ನೀವು ನಿರಾಳ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ವರ್ಷದ ಮಾರನೇ ಜನವರಿಯಿಂದ 60 ವರ್ಷ. 1963ರ ಚಿತ್ರದ ಹಕ್ಕು 2023ರ ಡಿಸೆಂಬರ್ ಕೊನೆಗೆ ಮುಗಿದಿದೆ. ಆದರೆ ಹಾಡಿನ ಸಾಹಿತ್ಯ, ಸಂಗೀತದ ಲೆಕ್ಕ ಬೇರೆ. ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಹಾಗಾಗಿ ಯೂಟ್ಯೂಬಿಗೆ ಏರಿಸಬೇಡಿ. ಪ್ರೈವೇಟ್ ಅಂತ ಇಟ್ಟರೂ ಅಲ್ಲಿನ ಕಂಟೆಂಟ್ ಐಡಿ ಎಂಬ ಹಕ್ಕು ತಪಾಸಣೆಯ ವ್ಯವಸ್ಥೆ ಹುಡುಕಿ ಹಿಡಿಯುತ್ತದೆ. ಮನೆಯೊಳಗೆ ನೋಡುವುದಕ್ಕೆ 52ನೇ ಸೆಕ್ಷನ್‌ನಲ್ಲಿ ಖಾಸಗಿ ಬಳಕೆಗೆ ಅವಕಾಶ ಇದೆ.

ಉಳಿದವರಿಗೂ ಒಂದು ಮಾತು. ಹೊಸ ಚಿತ್ರದ ಡಿಸ್ಕಿನ ಬೀಗ ಒಡೆಯುವುದು 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್‌ಗೆ ತಾಗುತ್ತದೆ. ಥಿಯೇಟರಿನಲ್ಲಿ ಮೊಬೈಲ್ ಹಿಡಿದು ತೆಗೆದದ್ದನ್ನಂತೂ ಮುಟ್ಟಲೇಬೇಡಿ, 2023ರ ಸಿನಿಮಟೋಗ್ರಾಫ್ ತಿದ್ದುಪಡಿಯಲ್ಲಿ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲಿದೆ.

ವಾಸ್ಕೋ ಹುಡುಗ
ಸಂಘದ ಹಾಲಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಬಹುದಾ ಸರ್?

ಬೋರಿವಲಿ ಬಾರ್ ರೂಮ್
ಅದು ಸಾರ್ವಜನಿಕ ಪ್ರದರ್ಶನ. ಹಾಡಿನ ಹಕ್ಕು ಇದ್ದವರನ್ನು ಕೇಳಬೇಕು. ಮನೆಯ ಹಾಲ್ ಬೇರೆ, ಸಂಘದ ಹಾಲ್ ಬೇರೆ.

ಡೊಂಬಿವಲಿ ಮಗಳು
ಮನೆಯಲ್ಲೇ ಸರ್. ಹದಿನಾಲ್ಕು ಜನ, ಅಷ್ಟೇ.

ಈಗ ಹೊಸ ತೊಂದರೆ. ಮೊದಲನೇ ಡಿಸ್ಕಿನ ಎಂಪೆಗ್‌ಎವಿ ಫೋಲ್ಡರಿನಿಂದ ಸಿನಿಮಾ ಇರುವ ಡ್ಯಾಟ್ ಫೈಲ್ ಕಾಪಿ ಆಯಿತು. ಎರಡನೆಯದು ಅರ್ಧಕ್ಕೆ ಬಂದು ಎರರ್ ಕೊಡುತ್ತದೆ. ಡ್ರೈವ್ ನೆರೆಮನೆಯವರದು, ಹಳೆಯದು.

ಗ್ರಾಂಟ್ ರೋಡ್ ರಿಪೇರಿ
ಡಿಸ್ಕನ್ನು ಹೇಗೆ ಒರೆಸಿದ್ರಿ? ಹೆಚ್ಚಿನವರು ಗುಂಡಗೆ ಒರೆಸ್ತಾರೆ, ಅದೇ ತಪ್ಪು. ಗೆರೆ ಟ್ರ್ಯಾಕಿನ (ಡಿಸ್ಕಿನಲ್ಲಿ ಮಾಹಿತಿ ಇರುವ ಸುತ್ತಿನ) ಉದ್ದಕ್ಕೆ ಬಿದ್ದರೆ ಡ್ರೈವಿಗೆ ಓದಲಿಕ್ಕೆ ಕಷ್ಟ. ಹಳೇ ಹತ್ತಿ ಪಂಚೆಯ ತುಂಡು ಸ್ವಲ್ಪ ಒದ್ದೆ ಮಾಡಿ, ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಎಳೆಯಿರಿ.

ವಿಸಿಡಿಯಲ್ಲಿ ವಿಡಿಯೋಗೆ ಹೆಚ್ಚು ಜಾಗ ಸಿಗಲಿ ಅಂತ ತಪ್ಪು ತಿದ್ದುವ ಮಾಹಿತಿಯನ್ನು ಕಡಿಮೆ ಇಟ್ಟಿದ್ದಾರೆ. ಹಾಗಾಗಿ ಸಾದಾ ಕಾಪಿ ಒಂದು ಗೀರಿಗೇ ನಿಂತುಬಿಡ್ತದೆ. ಐಸೋಬಸ್ಟರ್ ಥರದ ಸಾಫ್ಟ್‌ವೇರ್ ಕೆಟ್ಟ ಜಾಗ ಬಿಟ್ಟು ಮುಂದೆ ಓದ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದೂ ಉಂಟು. ಲ್ಯಾಮಿಂಗ್ಟನ್ ರೋಡಿಗೆ ಬಂದರೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಗ್ತದೆ. ಅಂಗಡಿಯಲ್ಲೇ ನಿಮ್ಮ ಎರಡನೇ ಡಿಸ್ಕ್ ಹಾಕಿ, ಓದಿದ ಮೇಲೆ ದುಡ್ಡು ಕೊಡಿ.

ಡೊಂಬಿವಲಿ ಮಗಳು
ಶನಿವಾರ ಹೋಗಿದ್ದೆ. ನಾಲ್ಕನೇ ಅಂಗಡಿಯ ಡ್ರೈವ್ ಓದಿತು! ಒಂದು ಕಡೆ ಎರಡು ಸೆಕೆಂಡ್ ಚೌಕ ಚೌಕವಾಗಿ ಒಡೆಯುತ್ತದೆ, ಪುಣ್ಯಕ್ಕೆ ಅದು ಹಾಸ್ಯದ ಭಾಗ. ವಾಪಸು ಬರುವಾಗ ಮಾಟುಂಗಾದಲ್ಲಿ ಇಳಿದು ಅಪ್ಪನಿಗೆ ಪತ್ರೊಡೆ ಕಟ್ಟಿಸಿಕೊಂಡು ಬಂದೆ.

ವಾಸ್ಕೋ ಹುಡುಗ
ಪತ್ರೊಡೆ ಯಾವ ಹೋಟೆಲ್ಲಲ್ಲಿ ಅಕ್ಕ? ಮುಂದಿನ ಸಲ ಬಂದಾಗ ಹೋಗ್ಬೇಕು.

ಮಾಟುಂಗಾ ಹಳಬ
ಸ್ಟೇಷನ್ನಿನಿಂದ ಕಿಂಗ್ಸ್ ಸರ್ಕಲ್ ಕಡೆ ನಡಿ ಹುಡುಗ, ಮೂಗೇ ದಾರಿ ಹೇಳ್ತದೆ. ಮಳೆಗಾಲದಲ್ಲಿ ಬಾ, ಕೆಸುವಿನ ಎಲೆ ಆಗಲೇ ರುಚಿ.

ಠಾಣೆ ಟೈಮ್‌ಲೈನ್
ಫೈಲ್ ಬಂತಲ್ಲ, ಇನ್ನು ಎಐ ಹಾಕಿ ದೊಡ್ಡದು ಮಾಡಿಬಿಡಿ. 352×288 ಚಿತ್ರ 43 ಇಂಚಿನ ಟಿವಿ ಮೇಲೆ ಮಸುಕಾಗಿ ಕಾಣುತ್ತೆ.

ಲಾ ಕಾಲೇಜ್ ರೋಡ್
ದಯವಿಟ್ಟು ಬೇಡ. ಮುಖ ಇರುವುದೇ ಮೂವತ್ತು ಪಿಕ್ಸೆಲ್ ಅಗಲಕ್ಕೆ ಎನ್ನುವಾಗ ಎಐ ಕಣ್ಣು ಮೂಗನ್ನು ಊಹಿಸಿ ಬರೆಯುತ್ತದೆ. ಮೇಣದ ಗೊಂಬೆಯಂಥ ಮುಖ ಬರುತ್ತದೆ, ಹಲ್ಲು ಒಂದೊಂದು ಫ್ರೇಮಿನಲ್ಲಿ ಒಂದೊಂದು ಥರ. ಅವರ ತಂದೆ ಅರುವತ್ತು ವರ್ಷದಿಂದ ಕಂಡ ಮುಖ ಅದಲ್ಲ. ಮಸುಕು ಕಣ್ಣಿಗೆ ಐದು ನಿಮಿಷದಲ್ಲಿ ಒಗ್ಗುತ್ತದೆ, ಸುಳ್ಳು ಮುಖ ಒಗ್ಗುವುದಿಲ್ಲ.

ಠಾಣೆ ಟೈಮ್‌ಲೈನ್
ಬರೀ ಹಿನ್ನೆಲೆಗೆ, ಹೊರಾಂಗಣ ದೃಶ್ಯಕ್ಕೆ ಹಾಕಿದ್ರೆ ಚೆನ್ನಾಗೇ ಬರುತ್ತೆ ಸರ್, ನಾನು ಮಾಡಿದ್ದೀನಿ.

ಲಾ ಕಾಲೇಜ್ ರೋಡ್
ಒಂದು ದೃಶ್ಯ ಚೂಪು, ಮುಂದಿನದು ಮಸುಕು ಆದರೆ ಇನ್ನೂ ಕೆಡುಕು. ಇದರಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ, ಬಿಡಿ. ನಾನು ಹೇಳಬೇಕೆಂದಿದ್ದು ದನಿಯ ವಿಷಯ. ಹದಿನೈದು ವರ್ಷ ಸೌಂಡ್ ಕೆಲಸ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಸಿನಿಮಾ ತೆಗೆದದ್ದು ಸೆಕೆಂಡಿಗೆ 24 ಫ್ರೇಮಿನಲ್ಲಿ. ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಅದು 25. ಡಿಸ್ಕ್ ಮಾಡುವಾಗ ಅನೇಕರು ಚಿತ್ರವನ್ನು 25ಕ್ಕೆ ಓಡಿಸಿಬಿಡುತ್ತಿದ್ದರು. ಆಗ ಚಿತ್ರ ಶೇಕಡಾ 4ರಷ್ಟು ಬೇಗ ಓಡುತ್ತದೆ, ಜತೆಗೆ ದನಿಯೂ ಏರುತ್ತದೆ. ಹಾರ್ಮೋನಿಯಂನಲ್ಲಿ ಬಿಳಿ ಕೀಯಿಂದ ಪಕ್ಕದ ಕರಿ ಕೀಗೆ ಇರುವ ದೂರದ ಮುಕ್ಕಾಲು ಪಾಲಿಗೆ ಹತ್ತಿರ. ಕಿವಿಗೆ ಇದು ಗೊತ್ತಾಗುತ್ತದೆ, ಏನೆಂದು ಹೇಳಲು ಮಾತ್ರ ಬರುವುದಿಲ್ಲ. ಎಲ್ಲ ಡಿಸ್ಕೂ ಹೀಗಲ್ಲ, ಆದ್ದರಿಂದ ಪರೀಕ್ಷೆ ಮಾಡಿ: ಚಿತ್ರದ ಒಂದು ಹಾಡನ್ನು ಅದರ ಧ್ವನಿಮುದ್ರಿಕೆಯ ಆಡಿಯೋ ಜತೆ ಒಟ್ಟಿಗೆ ಶುರು ಮಾಡಿ ಕೇಳಿ. ಡಿಸ್ಕಿನದು ಮುಂದೆ ಓಡುತ್ತಿದ್ದರೆ, ಶ್ರುತಿ ಮೇಲಿದ್ದರೆ, ರೋಗ ಅದೇ.

ಮದ್ದು ಸುಲಭ. ಶಾಟ್‌ಕಟ್‌ನಲ್ಲಿ ವಿಡಿಯೋ ಮೋಡ್ 24 ಫ್ರೇಮ್‌ಗೆ ಇಡಿ. ಕ್ಲಿಪ್ಪಿನ ಪ್ರಾಪರ್ಟೀಸ್‌ನಲ್ಲಿ ಸ್ಪೀಡ್ 0.96 ಮಾಡಿ. ಅಲ್ಲೇ ಇರುವ ಪಿಚ್ ಕಾಂಪೆನ್ಸೇಷನ್ ಟಿಕ್ ಹಾಕಬೇಡಿ, ದನಿ ವೇಗದ ಜತೆಯಲ್ಲೇ ಕೆಳಗಿಳಿಯಬೇಕು. ಇದನ್ನು ಕತ್ತರಿ ಹಾಕುವ ಮೊದಲೇ ಮಾಡಿ.

ಎರಡನೆಯದು ಕಟ್ಟಿನ ಶಬ್ದ. ಹಳೇ ಚಿತ್ರದಲ್ಲಿ ಮಾತು, ಸಂಗೀತ, ಹೆಜ್ಜೆ ಸದ್ದು ಎಲ್ಲ ಒಂದೇ ಟ್ರ್ಯಾಕು. ಬ್ಲೂ-ರೇಯಲ್ಲಿ 5.1, ಅಂದರೆ ಆರು ಚಾನೆಲ್ಲಿನ ದನಿ ಇದ್ದರೆ ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿ ಸಿಗುತ್ತದೆ, ನಿಮಗೆ ಆ ಸೌಕರ್ಯ ಇಲ್ಲ. ದೃಶ್ಯ ಮುಗಿಯುವಲ್ಲಿ ಪಿಟೀಲು ನುಡಿಯುತ್ತಿದ್ದು, ಹಾಸ್ಯ ಕಿತ್ತುಹಾಕಿ ಮುಂದಿನದಕ್ಕೆ ಅಂಟಿಸಿದರೆ ಪಿಟೀಲು ಗಂಟಲು ಹಿಸುಕಿದಂತೆ ನಿಲ್ಲುತ್ತದೆ. ಚಿತ್ರದ ಕಟ್ ಒಂದು ಕಡೆ ಇರಲಿ, ಶಬ್ದದ ಕಟ್ ಅರ್ಧ ಸೆಕೆಂಡ್ ಹಿಂದೆ ಅಥವಾ ಮುಂದೆ ಇರಲಿ. ಬಾಗಿಲ ಸದ್ದು, ಕಾಗೆ, ಬಸ್ಸಿನ ಹಾರನ್ ಎಲ್ಲಿದೆ ನೋಡಿ, ಅದರ ಅಡಿಯಲ್ಲಿ ಬೆಸುಗೆ ಹಾಕಿ.

ಕೊಥ್ರೂಡ್ ಧಾರವಾಡ
ಲಾ ಕಾಲೇಜ್ ಸರ್, ಈ 0.96ದ ಲೆಕ್ಕ ನನಗ ಗೊತ್ತಿರಲಿಲ್ಲ. ನನ್ನ ಹತ್ರ ಇರೋ ನಾಟಕದ ವಿಡಿಯೋಗೂ ಹಿಂಗ ಮಾಡಬೇಕೇನ್ರೀ?

ಲಾ ಕಾಲೇಜ್ ರೋಡ್
ವಿಡಿಯೋ ಕ್ಯಾಮೆರಾದಲ್ಲೇ ತೆಗೆದದ್ದಾದರೆ ಬೇಡ, ಅದು ಹುಟ್ಟಿದ್ದೇ 25ರಲ್ಲಿ. ಅದಕ್ಕೆ ಡಿ-ಇಂಟರ್ಲೇಸ್ (ಒಂದು ಬಿಟ್ಟು ಒಂದು ಗೆರೆಯಾಗಿ ಹಿಡಿದ ಚಿತ್ರವನ್ನು ಒಂದಾಗಿಸುವುದು) ಮಾತ್ರ ಮಾಡಿ, ಕೈ ಬೀಸುವಾಗ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ.

ಕಲ್ಯಾಣ್ ಕನ್ನಡತಿ
ಅಕ್ಕ, ಮನೆಯಲ್ಲಿ ಮೊಮ್ಮಕ್ಕಳು ಇದ್ದಾರಾ? ನಮ್ಮ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಧ ಗೊತ್ತಾಗುತ್ತದೆ, ಹಳೇ ಸಿನಿಮಾದ ಮಾತು ಗೊತ್ತಾಗುವುದಿಲ್ಲ. ನಾನು ಸಬ್‌ಟೈಟಲ್ ಎಡಿಟ್ ಎನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಮರಾಠಿ ಸಬ್‌ಟೈಟಲ್ ಮಾಡಿದ್ದೆ. ಕಟ್ ಪೂರ್ತಿ ಮುಗಿದ ಮೇಲೇ ಮಾಡಿ. ಮೊದಲೇ ಮಾಡಿದರೆ ಒಂದು ದೃಶ್ಯ ತೆಗೆದ ಕೂಡಲೇ ಕೆಳಗಿನದೆಲ್ಲ ಜಾರುತ್ತದೆ. ಸಿನಿಮಾ ಫೈಲಿನ ಹೆಸರನ್ನೇ ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲಿಗೂ ಇಟ್ಟು ಒಂದೇ ಪೆನ್‌ಡ್ರೈವಿನಲ್ಲಿ ಹಾಕಿ, ಹೆಚ್ಚಿನ ಟಿವಿಗಳು ತಾವೇ ತೋರಿಸುತ್ತವೆ.

ಶುರುವಿನಲ್ಲಿ ಅಪ್ಪನ ಹೆಸರು ಹಾಕುವುದಿದ್ದರೆ ಒತ್ತಕ್ಷರ ಸರಿ ಬರುತ್ತದಾ ಅಂತ ಮೊದಲೇ ನೋಡಿ. ಕೆಲವು ಕಡೆ ‘ಕ್ಷ’ ಒಡೆದು ಅಕ್ಷರ ಅಕ್ಷರವಾಗಿ ನಿಲ್ಲುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್‌ನಲ್ಲಿ ನನಗೆ ಸರಿಯಾಗಿಯೇ ಬಂತು. ಪ್ರೀಮಿಯರ್‌ನಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ದಕ್ಷಿಣ ಏಷ್ಯಾ ಭಾಷೆಗಳಿಗೆ ಬದಲಾಯಿಸಿಕೊಳ್ಳಬೇಕು.

ಡೊಂಬಿವಲಿ ಮಗಳು
ಮೂರು ಮೊಮ್ಮಕ್ಕಳು, ಮೂವರೂ ಮರಾಠಿ ಶಾಲೆ. ಇದು ನನಗೆ ಹೊಳೆದೇ ಇರಲಿಲ್ಲ, ಉಪಕಾರ ಆಯಿತು ಅಕ್ಕ.

ಹನ್ನೊಂದು ದಿನದ ಕೆಲಸದ ವರದಿ. ಹಾಸ್ಯದ ಟ್ರ್ಯಾಕ್ ಪೂರ್ತಿ ತೆಗೆದೆ, ನೋಡಿದರೆ ಕಥೆಯೇ ಕುಂಟುತ್ತಿದೆ. ತಂಗಿ ಬರೆದ ಕಾಗದವನ್ನು ಅಣ್ಣನಿಗೆ ತಂದುಕೊಡುವವನೇ ಆ ಹಾಸ್ಯದ ಪೋಸ್ಟ್‌ಮ್ಯಾನ್! ಅವನಿಲ್ಲದೆ ಅಣ್ಣನ ಕೈಗೆ ಕಾಗದ ಎಲ್ಲಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ. ಆ ದೃಶ್ಯ ವಾಪಸು ಹಾಕಿದೆ. ಅವನು ಸೈಕಲ್ ಒರಗಿಸಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕಾಗದ ಕೊಟ್ಟು ಹೋಗುವ ನಲವತ್ತು ಸೆಕೆಂಡ್ ಉಳಿಸಿ, ಜಾರಿ ಬೀಳುವುದನ್ನು ಬಿಟ್ಟೆ.

ಮಾಟುಂಗಾ ಹಳಬ
ನಾನು ಹೇಳಿದ್ದು ಅದೇ. ಸುಮ್ಮನೆ ಹಾಕಿದ್ದಲ್ಲ ಅವರು.

ಡೊಂಬಿವಲಿ ಮಗಳು
ಹೌದು ಮಾಮ, ಈಗ ಗೊತ್ತಾಯಿತು. ರೈಲ್ವೆ ಸ್ಟೇಷನ್ನಿನ ದೃಶ್ಯಕ್ಕೆ ಸೇರಿಸುವ ಕಡೆ ಇಂಜಿನ್ನಿನ ಸೀಟಿ ಇತ್ತು. ಅದನ್ನು ಹದಿನೈದು ಫ್ರೇಮ್ ಮುಂಚೆಯೇ ಶುರು ಮಾಡಿದೆ, ಮದುವೆ ಮನೆಯ ಓಲಗ ಅದರಡಿ ಮುಳುಗಿಹೋಯಿತು. ಎಷ್ಟು ಸಲ ಕೇಳಿದರೂ ಬೆಸುಗೆ ಗೊತ್ತಾಗುವುದಿಲ್ಲ.

ಶ್ರುತಿಯ ಪರೀಕ್ಷೆಯೂ ಮಾಡಿದೆ, ಡಿಸ್ಕಿನದು ಮೇಲೇ ಇತ್ತು. 0.96ಕ್ಕೆ ಇಳಿಸಿ ತಂಗಿ ಹೊರಡುವ ದೃಶ್ಯವನ್ನು ರಾತ್ರಿ ಸ್ಪೀಕರಿನಲ್ಲಿ ಕೇಳುತ್ತಿದ್ದೆ. ಅಪ್ಪ ಮಲಗಿದ್ದಾರೆ ಅಂದುಕೊಂಡಿದ್ದೆ. ಒಳಗಿನ ಕೋಣೆಯಿಂದ ಕೇಳಿದರು: “ಯಾವ ಪ್ರತಿ ಅದು? ಟೆಂಟಿನಲ್ಲಿ ಇದೇ ದನಿ ಇತ್ತು.” ಬೇರೆ ಯಾವುದೋ ಸಿನಿಮಾ ಅಂತ ಹೇಳಿ ಬಾಗಿಲು ಹಾಕಿದೆ.

ಲಾ ಕಾಲೇಜ್ ರೋಡ್
ಇದನ್ನು ಓದಿ ಎದ್ದು ಹೋಗಿ ಮನೆಯಾಕೆಗೂ ಓದಿ ಹೇಳಿದೆ.

ಕೊಥ್ರೂಡ್ ಧಾರವಾಡ
ಎಕ್ಸ್‌ಪೋರ್ಟ್ ಹ್ಯಾಂಗ ಮಾಡ್ತೀರಿ ಅಕ್ಕಾರ? ಎಚ್.264, ಎಂಪಿ4, ಆಡಿಯೋ ಎಎಸಿ ಇಟ್ರ ಯಾವ ಟಿವಿ ಆದ್ರೂ ಓಡಸ್ತದ. ಮತ್ತ ಪೆನ್‌ಡ್ರೈವ್ ಎಫ್‌ಎಟಿ32 ಪದ್ಧತಿಯಾಗ ಫಾರ್ಮ್ಯಾಟ್ ಆಗಿದ್ರ ಒಂದು ಫೈಲು 4 ಜಿಬಿ ದಾಟಬಾರದು. ನಿಮ್ಮದು ಅದರ ಹತ್ರನೂ ಬರಂಗಿಲ್ಲ, ಆದ್ರ ಹಿಂದಿನ ದಿನನ ಟಿವಿಗೆ ಹಚ್ಚಿ ಒಮ್ಮೆ ನೋಡ್ರಿ.

ಡೊಂಬಿವಲಿ ಮಗಳು
ಅಪ್ಪ ಸಂಜೆ ವಾಕಿಂಗಿಗೆ ಹೋದಾಗ ನೋಡಿದೆ, ಓಡುತ್ತದೆ. 1 ಗಂಟೆ 52 ನಿಮಿಷಕ್ಕೆ ಬಂದು ನಿಂತಿದೆ. ಪೋಸ್ಟ್‌ಮ್ಯಾನ್ ಇದ್ದಾನೆ. ಇನ್ನು ಮರಾಠಿ ಸಬ್‌ಟೈಟಲ್ ಬಾಕಿ, ಇವತ್ತು ರಾತ್ರಿ ಮೊದಲ ಇಪ್ಪತ್ತು ನಿಮಿಷಕ್ಕೆ ಕೂರುತ್ತೇನೆ. ಕಲ್ಯಾಣ್ ಅಕ್ಕ, ‘ಒಡಹುಟ್ಟಿದವಳು’ ಅನ್ನುವುದಕ್ಕೆ ಮರಾಠಿಯಲ್ಲಿ ನೀವು ಏನು ಹಾಕುತ್ತೀರಿ? ‘ಬಹೀಣ್’ ಅಂದರೆ ಸಾಲದು ಅನಿಸುತ್ತಿದೆ.

ಕಲ್ಯಾಣ್ ಕನ್ನಡತಿ
‘ಸಖ್ಖೀ ಬಹೀಣ್’ ಹಾಕಿ.